ನಾಣ್ಯ ಚಿಮ್ಮಿ ನೋಡಿದ ಔಷಧದ ಲೆಕ್ಕ

ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದ ಒಂದು ಔಷಧ ಕಾರ್ಖಾನೆಯಲ್ಲಿ ಕೆಲವು ವರ್ಷ ನಾನು ಪ್ಲಾನಿಂಗ್ ವಿಭಾಗದಲ್ಲಿದ್ದೆ. ನಮ್ಮ ಕೋಣೆಯ ಗೋಡೆಗೆ ದೊಡ್ಡ ಬಿಳಿ ಹಲಗೆಯೊಂದಿತ್ತು. ಯಾವ ರಿಯಾಕ್ಟರಿನಲ್ಲಿ (ರಾಸಾಯನಿಕ ಕ್ರಿಯೆ ನಡೆಸುವ ದೊಡ್ಡ ಪಾತ್ರೆ) ಯಾವ ಬ್ಯಾಚು (ಒಂದು ಸಲಕ್ಕೆ ತಯಾರಾಗುವ ಮಾಲು), ದ್ರವ ಬೇರ್ಪಡಿಸುವ ಸೆಂಟ್ರಿಫ್ಯೂಜ್ ಯಾವಾಗ ಖಾಲಿ, ಒಣಗಿಸುವ ಡ್ರೈಯರಿಗೆ ಎಷ್ಟು ಗಂಟೆ ಎಂದು ತಿಂಗಳ ಮೊದಲ ದಿನ ಅದರ ಮೇಲೆ ಬರೆಯುತ್ತಿದ್ದೆವು. ಹತ್ತನೇ ತಾರೀಕಿನೊಳಗೆ ಅರ್ಧ ಅಳಿಸಿ ಮತ್ತೆ ಬರೆದಿರುತ್ತಿದ್ದೆವು. ಇಪ್ಪತ್ತರ ಹೊತ್ತಿಗೆ ಆ ಹಲಗೆಯತ್ತ ಯಾರೂ ನೋಡುತ್ತಿರಲಿಲ್ಲ.

ನಮ್ಮ ಲೆಕ್ಕದಲ್ಲಿ ಪ್ರತಿ ಬ್ಯಾಚಿಗೂ ಡ್ರೈಯರಿನ ಹೊತ್ತು 6 ಗಂಟೆ. ಒಂದು ಮಳೆಗಾಲದಲ್ಲಿ ಹಳೆಯ ಬ್ಯಾಚ್ ದಾಖಲೆಗಳನ್ನು ತೆಗೆದು ಕುಳಿತೆ. ಹೆಚ್ಚಿನವು 5 ಗಂಟೆಯ ಆಸುಪಾಸಿನಲ್ಲಿ ಮುಗಿದಿದ್ದವು, ಕೆಲವು 9 ಗಂಟೆ ಹಿಡಿದಿದ್ದವು, ಒಂದೆರಡು 11ಕ್ಕೂ ಹೋಗಿದ್ದವು. ಒಣಗಿತೋ ಇಲ್ಲವೋ ಎಂದು ಹೇಳುವುದು ಗಡಿಯಾರವಲ್ಲ, ತೇವಾಂಶದ ಪರೀಕ್ಷೆ. ನಮ್ಮ ಕಡೆಯ ದಾಲ್‌ಮಿಲ್ಲಿನವರಿಗೆ ಇದು ಗೊತ್ತಿರುವ ಸಂಗತಿ. ತೊಗರಿ ಒಣಗುವ ಮೊದಲು ಒಡೆಯಲು ಹೋದರೆ ಬೇಳೆ ನೆಟ್ಟಗೆ ಬರುವುದಿಲ್ಲ ಎಂದು ಅವರು ಕಾಯುತ್ತಾರೆ. ಸರಾಸರಿ ತೆಗೆದಾಗ ಸಿಕ್ಕಿದ್ದು 6ರ ಹತ್ತಿರದ ಸಂಖ್ಯೆಯೇ. ಅಂದರೆ ನಮ್ಮ 6 ಸುಳ್ಳಾಗಿರಲಿಲ್ಲ. ಆದರೂ ಹಲಗೆ ಪ್ರತಿ ತಿಂಗಳೂ ಸುಳ್ಳಾಗುತ್ತಿತ್ತು.

ಕಾರಣ ಹುಡುಕಲು ನನಗೆ ಬಹಳ ದಿನ ಹಿಡಿಯಿತು, ಸಿಕ್ಕ ಮೇಲೆ ಇಷ್ಟೇನಾ ಅನಿಸಿತು. ಒಂದು ಬ್ಯಾಚು ಒಂದು ಗಂಟೆ ಬೇಗ ಒಣಗಿದರೆ ಆ ಗಂಟೆ ಯಾರ ಕೈಗೂ ಸಿಗುವುದಿಲ್ಲ. ಮುಂದಿನ ಬ್ಯಾಚು ಇನ್ನೂ ರಿಯಾಕ್ಟರಿನಲ್ಲೇ ಇರುತ್ತದೆ, ಡ್ರೈಯರು ಸುಮ್ಮನೆ ನಿಲ್ಲುತ್ತದೆ. ಆದರೆ ಒಂದು ಬ್ಯಾಚು ಐದು ಗಂಟೆ ತಡವಾದರೆ ಅದರ ಹಿಂದೆ ಕಾದಿರುವವೆಲ್ಲ ಸಾಲಾಗಿ ತಡವಾಗುತ್ತವೆ. ಉಳಿದ ಗಂಟೆಗಳು ಹೋದ ಗಂಟೆಗಳಿಗೆ ಜಮೆ ಆಗುವುದಿಲ್ಲ. ಸರಾಸರಿ ಮಾತ್ರ ಎರಡನ್ನೂ ಕೂಡಿಸಿ ಸಮ ಮಾಡಿ ತೋರಿಸುತ್ತದೆ.

ಇಲ್ಲಿ ನೆರವಿಗೆ ಬರುವುದು ಸಿಮ್ಯುಲೇಷನ್, ಈ ಏರುಪೇರನ್ನು ಅಳಿಸದೆ ಇಟ್ಟುಕೊಂಡೇ ಲೆಕ್ಕ ಮಾಡುವ ವಿಧಾನ. ಕಾರ್ಖಾನೆಯ ನಿಯಮಗಳನ್ನು ಕಂಪ್ಯೂಟರಿಗೆ ಹೇಳಿಕೊಡುತ್ತೇವೆ: ಯಾವ ಬ್ಯಾಚು ಎಲ್ಲಿಂದ ಎಲ್ಲಿಗೆ ಹೋಗಬೇಕು, ಯಂತ್ರ ಖಾಲಿ ಇಲ್ಲದಿದ್ದರೆ ಎಲ್ಲಿ ಕಾಯಬೇಕು, ಒಂದು ಔಷಧ ಮುಗಿಸಿ ಇನ್ನೊಂದಕ್ಕೆ ಹೊರಳುವಾಗ ತೊಳೆಯಲು ಎಷ್ಟು ಹೊತ್ತು. ಒಣಗುವ ಹೊತ್ತಿಗೆ 6 ಎಂದು ಕೊಡುವುದಿಲ್ಲ. ಹಳೆಯ ದಾಖಲೆಯ ಹೊತ್ತುಗಳನ್ನೆಲ್ಲ ಚೀಟಿ ಮಾಡಿ ಡಬ್ಬಿಗೆ ಹಾಕಿದಂತೆ ಕೊಟ್ಟು, ಪ್ರತಿ ಬ್ಯಾಚಿಗೂ ಒಂದು ಚೀಟಿ ಎತ್ತು ಎನ್ನುತ್ತೇವೆ. ಕಂಪ್ಯೂಟರು ಒಂದು ಘಟನೆಯಿಂದ ಮುಂದಿನ ಘಟನೆಗೆ ಹಾರುತ್ತ ಇಡೀ ವರ್ಷವನ್ನು ಕೆಲವು ಸೆಕೆಂಡುಗಳಲ್ಲಿ ನಡೆಸಿಬಿಡುತ್ತದೆ. ಅದೇ ವರ್ಷವನ್ನು ಬೇರೆ ಚೀಟಿಗಳೊಂದಿಗೆ ಮತ್ತೆ ನಡೆಸಬಹುದು, ಸಾವಿರ ಸಲವೂ ನಡೆಸಬಹುದು. ಕೊನೆಗೆ ಸಿಗುವುದು ಒಂದು ತಾರೀಕಲ್ಲ. ಈ ಆರ್ಡರು 20ರೊಳಗೆ ಮುಗಿಯುವುದು ಸಾವಿರದಲ್ಲಿ ಎಷ್ಟು ಸಲ ಎಂಬ ಉತ್ತರ.

ಹೀಗೆ ಅದೃಷ್ಟದಾಟದ ದಾರಿಯಲ್ಲಿ ಲೆಕ್ಕ ಮಾಡುವ ಯೋಚನೆ 1946ರಲ್ಲಿ ಸ್ಟಾನಿಸ್ಲಾ ಉಲಾಂ ಎಂಬ ಗಣಿತಜ್ಞನಿಗೆ ಬಂತು. ಕಾಯಿಲೆಯಿಂದ ಚೇತರಿಸಿಕೊಳ್ಳುತ್ತ ಒಬ್ಬನೇ ಇಸ್ಪೀಟು ಆಡುತ್ತಿದ್ದಾಗ, ಈ ಆಟ ಗೆಲ್ಲುವ ಸಂಭವ ಎಷ್ಟು ಎಂದು ಸೂತ್ರದಿಂದ ತೆಗೆಯಲು ಹೊರಟು ಸೋತ. ನೂರು ಸಲ ಆಡಿ ಗೆದ್ದದ್ದನ್ನು ಎಣಿಸಿದರೆ ಆಗದೇ ಎಂದುಕೊಂಡ. ಜಾನ್ ವಾನ್ ನಾಯ್ಮನ್ ಜೊತೆ ಸೇರಿ ಅದನ್ನು ಅಣುಭೌತಶಾಸ್ತ್ರದ ಲೆಕ್ಕಗಳಿಗೆ ಒಗ್ಗಿಸಿದ. ಜೂಜಿಗೆ ಹೆಸರಾದ ಊರಿನ ನೆನಪಿನಲ್ಲಿ ವಿಧಾನಕ್ಕೆ ಮಾಂಟೆ ಕಾರ್ಲೊ ಎಂಬ ಹೆಸರು ಬಂತು. 1949ರಲ್ಲಿ ನಿಕೋಲಸ್ ಮೆಟ್ರೊಪೊಲಿಸ್ ಮತ್ತು ಉಲಾಂ ಇದೇ ಹೆಸರಿನಲ್ಲಿ ಪ್ರಬಂಧ ಪ್ರಕಟಿಸಿದರು.

ಔಷಧ ಕಾರ್ಖಾನೆಗೆ ಇದು ಬೇರೆ ಕಾರ್ಖಾನೆಗಳಿಗಿಂತ ಹೆಚ್ಚು ಬೇಕು ಎಂದು ನಾನು ನಂಬಿದ್ದೇನೆ. ಇಲ್ಲಿ ಮಾಲು ತಯಾರಾದ ತಕ್ಷಣ ಲಾರಿ ಹತ್ತುವುದಿಲ್ಲ, ಗುಣಮಟ್ಟದ ಪ್ರಯೋಗಾಲಯ ಒಪ್ಪಿಗೆ ಕೊಡಬೇಕು. ಇಂಜೆಕ್ಷನ್ನಿನಂಥ ಔಷಧಕ್ಕೆ ಸೂಕ್ಷ್ಮಜೀವಿ ಇಲ್ಲವೆಂದು ಖಚಿತಪಡಿಸುವ ಪರೀಕ್ಷೆ 14 ದಿನ ಹಿಡಿಯುತ್ತದೆ. ಔಷಧದ ಸ್ಯಾಂಪಲನ್ನು ಪೋಷಕ ದ್ರವದಲ್ಲಿಟ್ಟು ಏನಾದರೂ ಬೆಳೆಯುತ್ತದೆಯೇ ಎಂದು ಕಾಯುವ ಪರೀಕ್ಷೆ ಅದು, ಅವಸರ ಮಾಡಿದರೆ ಅರ್ಥವೇ ಉಳಿಯುವುದಿಲ್ಲ. ಮಾಲೀಕರು ಹೊಸ ರಿಯಾಕ್ಟರು ತರುತ್ತಾರೆ, ಪ್ರಯೋಗಾಲಯಕ್ಕೆ ಪರೀಕ್ಷೆ ಮಾಡುವ ಇನ್ನೊಬ್ಬ ಅನಲಿಸ್ಟನ್ನು ಸೇರಿಸಲು ಹಿಂದೆಮುಂದೆ ನೋಡುತ್ತಾರೆ. ಕಂಪ್ಯೂಟರಿನಲ್ಲಿ ಕಟ್ಟಿದ ಕಾರ್ಖಾನೆಯ ಮಾದರಿಯನ್ನು ಓಡಿಸಿದಾಗ ಮಾಲು ನಿಲ್ಲುವುದು ಬಹಳ ಸಲ ಪ್ರಯೋಗಾಲಯದಲ್ಲಿಯೇ ಎಂದು ಕಾಣುತ್ತದೆ.

ಅನಲಿಸ್ಟ್ ಸದಾ ಕೆಲಸದಲ್ಲಿರಬೇಕು, ಖಾಲಿ ಕೂರಬಾರದು ಎಂಬ ಆಸೆಯೂ ತಿರುಗಿ ಬೀಳುತ್ತದೆ. ಸ್ಯಾಂಪಲ್‌ಗಳು ಹೊತ್ತುಗೊತ್ತಿಲ್ಲದೆ ಬರುವ, ಪರೀಕ್ಷೆಯ ಹೊತ್ತೂ ಏರುಪೇರಾಗುವ ಸರಳ ಸಾಲೊಂದನ್ನು ತೆಗೆದುಕೊಳ್ಳಿ. ಕೆಲಸಗಾರ ಶೇ 80ರಷ್ಟು ಹೊತ್ತು ದುಡಿಯುತ್ತಿದ್ದರೆ ಅವನ ಬಳಿ ಸರಾಸರಿ 4 ಸ್ಯಾಂಪಲ್ ಇರುತ್ತವೆ. ಶೇ 90 ಆದರೆ 9. ಶೇ 95 ಆದರೆ 19. ದುಡಿಮೆ ಚೂರು ಹೆಚ್ಚಿದರೆ ಸಾಲು ದುಪ್ಪಟ್ಟಾಗುತ್ತದೆ. ಈ ಸಾಲುಗಳ ಗಣಿತಕ್ಕೆ ಅಡಿಪಾಯ ಹಾಕಿದವನು ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯ ಎರ್ಲಾಂಗ್, 1909ರಲ್ಲಿ. ಔಷಧಕ್ಕೂ ಫೋನಿಗೂ ಕಾಯುವಿಕೆ ಒಂದೇ.

ಈಗ ಕಾರ್ಖಾನೆಯಿಂದ ಹೊಲಕ್ಕೆ ಬರುತ್ತೇನೆ. ಈ ಲೆಕ್ಕ ನನ್ನನ್ನು ನಿದ್ದೆಗೆಡಿಸಿದ್ದು ಅಲ್ಲಿ.

ಬೀದರ, ಕಲಬುರಗಿ, ಯಾದಗಿರಿ, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ಮಳೆಗಾಲ ಎಂದರೆ ತೊಗರಿ, ಹತ್ತಿ, ಹೆಸರು ಹೊಲಗಳಲ್ಲಿ ಕಳೆ ತೆಗೆಯುವ ಕಾಲ, ಹಾವು ಕಡಿತದ ಕಾಲವೂ ಹೌದು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕರ ವಿಷಕ್ಕೂ ಒಂದೇ ಪ್ರತಿವಿಷ ನಮ್ಮ ದೇಶದಲ್ಲಿ ತಯಾರಾಗುತ್ತದೆ. ಕುದುರೆಗಳಿಗೆ ಸ್ವಲ್ಪಸ್ವಲ್ಪವೇ ವಿಷ ಚುಚ್ಚಿ, ತಿಂಗಳುಗಟ್ಟಲೆ ಕಾದು, ಅವುಗಳ ರಕ್ತದಿಂದ ಪ್ರತಿಕಾಯಗಳನ್ನು ಬೇರ್ಪಡಿಸಿ, ಪುಡಿಯಾಗಿ ಒಣಗಿಸಿ ಬಾಟಲಿಗೆ ತುಂಬುತ್ತಾರೆ. ಅದಕ್ಕೂ ಆ 14 ದಿನಗಳ ಪರೀಕ್ಷೆ ಉಂಟು. ಈ ತಿಂಗಳು ಸಾಲದೆ ಬಂತು ಎಂದರೆ ಮುಂದಿನ ತಿಂಗಳು ಹೆಚ್ಚು ಮಾಡಿ ಕೊಡಲು ಯಾರಿಂದಲೂ ಆಗುವುದಿಲ್ಲ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದರಿಂದ, ಇಂಥ ಲೆಕ್ಕಕ್ಕೆ ಬೇಕಾದ ಅಂಕಿಗಳು ಸಿಗುವ ದಾರಿ ತೆರೆದಿದೆ.

ಆರು ನಾಣ್ಯ ತೆಗೆದುಕೊಳ್ಳಿ. ಚೌಕಾಬಾರದ ಕವಡೆಯೂ ಆದೀತು, ಆದರೆ ಕವಡೆ ಎರಡು ಮಗ್ಗುಲಿಗೂ ಸಮವಾಗಿ ಬೀಳುವುದಿಲ್ಲ, ಲೆಕ್ಕ ತಪ್ಪುತ್ತದೆ. ಆರನ್ನೂ ಚಿಮ್ಮಿ. ತಲೆ ಮೇಲಾಗಿ ಬಿದ್ದ ನಾಣ್ಯಗಳೇ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಆ ತಿಂಗಳು ಬಂದ ಹಾವು ಕಡಿತದ ರೋಗಿಗಳು ಎಂದು ಭಾವಿಸಿ. ಸರಾಸರಿ 3 ಜನ. ಒಬ್ಬರಿಗೆ ಮೊದಲು ಕೊಡಬೇಕಾದ್ದು ಸಾಮಾನ್ಯವಾಗಿ 8ರಿಂದ 10 ಬಾಟಲಿ. ಅದನ್ನೊಂದು ಕಟ್ಟು ಎನ್ನೋಣ. ಕೇಂದ್ರದಲ್ಲಿ ತಿಂಗಳಿಗೆ 3 ಕಟ್ಟು ಇಟ್ಟರೆ ಏನಾಗುತ್ತದೆ? ಆರು ನಾಣ್ಯ ಬೀಳುವ 64 ರೀತಿಗಳಲ್ಲಿ 22ರಲ್ಲಿ ತಲೆಗಳು ಮೂರಕ್ಕಿಂತ ಹೆಚ್ಚು. ಮೂರು ತಿಂಗಳಿಗೊಮ್ಮೆ ಯಾರೋ ಒಬ್ಬರಿಗೆ ಔಷಧ ಇಲ್ಲ. ಅಂಥ 10 ಕೇಂದ್ರಗಳ ಒಂದು ತಾಲ್ಲೂಕಿನಲ್ಲಿ ಎಲ್ಲಾದರೂ ಒಂದು ಕಡೆ ಕೊರತೆ ಬೀಳುವುದು ನೂರು ತಿಂಗಳಲ್ಲಿ 98 ತಿಂಗಳು. ತಾಲ್ಲೂಕಿನ ಸ್ಟಾಕಿನ ಕಾಗದದಲ್ಲಿ ಮಾತ್ರ ಎಲ್ಲವೂ ಸರಿಯಿರುತ್ತದೆ, 30 ಬೇಕು, 30 ಇದೆ.

10 ಕಟ್ಟು ಹೆಚ್ಚು ತರಿಸಿ ಒಟ್ಟು 40 ಮಾಡಿದೆವು ಎನ್ನಿ. ಕೇಂದ್ರಕ್ಕೆ ನಾಲ್ಕರಂತೆ ಹಂಚಿದರೂ ಎಲ್ಲೋ ಒಂದು ಕಡೆ ಕೊರತೆ ನೂರರಲ್ಲಿ 69 ತಿಂಗಳು ಉಳಿಯುತ್ತದೆ. ಅದೇ 40 ಕಟ್ಟುಗಳನ್ನು ಹತ್ತೂ ಕೇಂದ್ರಗಳಿಗೆ ಒಂದೇ ಕಣಜದಿಂದ ಕೊಡಲು ಸಾಧ್ಯವಾದರೆ ಕೊರತೆ ಸಾವಿರ ತಿಂಗಳಿಗೆ ಮೂರೋ ನಾಲ್ಕೋ. ಔಷಧ ಅಷ್ಟೇ, ಇಟ್ಟ ಜಾಗ ಬೇರೆ. ಮೊದಲ ಸಲ ಈ ಉತ್ತರ ಬಂದಾಗ ನಾನೇ ನಂಬದೆ ಮತ್ತೊಮ್ಮೆ ಲೆಕ್ಕ ಮಾಡಿದೆ. ನಿಜವಾದ ಹಾವು ಕಡಿತ ಆರಕ್ಕೆ ನಿಲ್ಲುವುದಿಲ್ಲ, ಒಂದು ವಾರ ಮಳೆ ಜೋರಾದರೆ ಎಲ್ಲ ಕೇಂದ್ರಗಳಲ್ಲೂ ಒಟ್ಟಿಗೇ ಏರುತ್ತದೆ. ಹಾಗಾಗಿ ನಾಣ್ಯದ ಲೆಕ್ಕ ಹೇಳುವುದಕ್ಕಿಂತ ವಾಸ್ತವ ಕಠಿಣ.

ಹಾಗಂತ ಎಲ್ಲವನ್ನೂ ತಾಲ್ಲೂಕು ಕೇಂದ್ರದಲ್ಲಿ ಕೂಡಿಡಲು ಬರುವುದಿಲ್ಲ. ಕಟ್ಟುಹಾವು ಕಡಿದವರ ಉಸಿರಾಟ ಕಾಗದದ ಲೆಕ್ಕಕ್ಕೆ ಕಾಯುವುದಿಲ್ಲ. ಪ್ರತಿ ಕೇಂದ್ರದಲ್ಲೂ ಒಂದೋ ಎರಡೋ ಕಟ್ಟು ಇರಬೇಕು, ಒಂದನ್ನು ಬಿಚ್ಚಿದ ಕೂಡಲೇ ತಾಲ್ಲೂಕಿನಿಂದ ಇನ್ನೊಂದು ಹೊರಡಬೇಕು. ಅಲ್ಲಿ ಎಷ್ಟು, ಇಲ್ಲಿ ಎಷ್ಟು, ಗಾಡಿ ತಲುಪಲು ಎಷ್ಟು ಹೊತ್ತು, ರಾತ್ರಿ ಚಾಲಕ ಇರುತ್ತಾನೆಯೇ? ಇಷ್ಟೆಲ್ಲ ಸೇರಿದಾಗ ನಾಣ್ಯವೂ ಸೂತ್ರವೂ ಸಾಲದಾಗುತ್ತವೆ, ಸಿಮ್ಯುಲೇಷನ್ನೇ ಬೇಕಾಗುತ್ತದೆ.

ಕೊರತೆಯ ಹೆದರಿಕೆ ಇನ್ನೊಂದು ಕೇಡನ್ನೂ ತರುತ್ತದೆ. ಒಮ್ಮೆ ಔಷಧ ಸಿಗದ ಕೇಂದ್ರದವರು ಮುಂದಿನ ಸಲ ಬೇಕಾದದ್ದಕ್ಕಿಂತ ಹೆಚ್ಚು ಬರೆಯುತ್ತಾರೆ. ಜಿಲ್ಲೆಯವರು ಅದರ ಮೇಲೆ ಇನ್ನಷ್ಟು ಸೇರಿಸುತ್ತಾರೆ. ಕಾರ್ಖಾನೆಗೆ ಮುಟ್ಟುವ ಹೊತ್ತಿಗೆ ಬೇಡಿಕೆ ಹಿಗ್ಗಿರುತ್ತದೆ, ಮಾಲು ತಯಾರಾಗಿ ಬರುವಾಗ ಮಳೆಗಾಲ ಮುಗಿದಿರುತ್ತದೆ. ಚಾಟಿಯ ಹಿಡಿಯಲ್ಲಿ ಸಣ್ಣ ಅಲುಗಾಟ, ತುದಿಯಲ್ಲಿ ದೊಡ್ಡ ಏಟು. ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯ ಜೇ ಫಾರೆಸ್ಟರ್ 1950ರ ದಶಕದ ಕೊನೆಗೇ ಇದನ್ನು ಮಾದರಿ ಕಟ್ಟಿ ತೋರಿಸಿದ್ದ. ಅಂಗಡಿಯಲ್ಲಿ ಮಾರಾಟ ಹೆಚ್ಚುಕಡಿಮೆ ಸ್ಥಿರವಾಗಿದ್ದರೂ ಕಾರ್ಖಾನೆ ಏಳುಬೀಳು ಕಾಣುತ್ತದೆ, ಅದಕ್ಕೆ ನಡುವಿನ ಆರ್ಡರು ಪದ್ಧತಿಯೇ ಕಾರಣ ಎಂದು. ಆದ್ದರಿಂದ ಕೇಂದ್ರಗಳು ಇಷ್ಟು ಬೇಕು ಎಂದು ಬರೆಯುವುದರ ಜೊತೆಗೆ ಇಷ್ಟು ಖರ್ಚಾಯಿತು ಎಂಬುದೂ ಮೇಲಿನವರೆಗೆ ಮುಟ್ಟಬೇಕು.

ಮಾದರಿ ಕಟ್ಟುವವರಿಗೆ ನಾನು ಒತ್ತಿ ಹೇಳುವುದು ಒಂದು: ಮುಂದಿನ ವರ್ಷ ಕೇಳುವ ಮೊದಲು ಹೋದ ವರ್ಷವನ್ನು ಓಡಿಸಿ. ಆಗ ನಿಜವಾಗಿ ಎಲ್ಲೆಲ್ಲಿ ಔಷಧ ತೀರಿತ್ತೋ ಮಾದರಿಯಲ್ಲೂ ಹೆಚ್ಚುಕಡಿಮೆ ಅಲ್ಲೇ ತೀರಬೇಕು. ತೀರದಿದ್ದರೆ ನಾವು ಏನನ್ನೋ ಬಿಟ್ಟಿದ್ದೇವೆ. ಅದೇನೆಂದು ತಿಳಿಯಲು ಕಂಪ್ಯೂಟರಿನ ಮುಂದೆ ಕೂತರೆ ಆಗದು, ಕೇಂದ್ರದ ಸಿಸ್ಟರನ್ನು, ಔಷಧ ವಿತರಕರನ್ನು, ಆಂಬ್ಯುಲೆನ್ಸ್ ಚಾಲಕರನ್ನು ಕೇಳಬೇಕು.

ನಾನು ಬಿಡುವಿನಲ್ಲಿ ಕಟ್ಟಿದ ಚಿಕ್ಕ ಮಾದರಿಯಲ್ಲಿ ಬಿಟ್ಟುಹೋಗಿದ್ದು ಹೊಳೆ. ಶಹಾಪುರ ತಾಲ್ಲೂಕಿನ ಒಬ್ಬ ಚಾಲಕರಿಗೆ ನನ್ನ ನಕ್ಷೆ ತೋರಿಸಿದಾಗ ಅವರು ಒಂದು ಗೆರೆಯ ಮೇಲೆ ಬೆರಳಿಟ್ಟು, "ಸರ್, ಬಸವಸಾಗರದಿಂದ ನೀರು ಬಿಟ್ಟಾಗ ಕೊಳ್ಳೂರು ಸೇತುವೆ ಮುಳುಗತದ. ಆವಾಗ ಈ ದಾರಿ ಇರಲ್ಲ" ಎಂದರು. ಭೀಮೆ ತುಂಬಿದಾಗ ಅಫಜಲಪುರದ ಕಡೆ ಘತ್ತರಗಿ ಸೇತುವೆಯ ಕತೆಯೂ ಅದೇ. ನೀರು ಬಿಡುವುದು ಮಳೆಗಾಲದಲ್ಲಿ, ಹಾವು ಹೆಚ್ಚು ಕಡಿಯುವುದೂ ಆಗಲೇ. ನಾನು ಒಂದೇ ಕಣಜ ಎಂದುಕೊಂಡಿದ್ದು ಆ ದಿನಗಳಲ್ಲಿ ಎರಡಾಗಿ ಒಡೆಯುತ್ತದೆ. ಮಾದರಿಯಲ್ಲಿ ಆ ರಸ್ತೆಗೆ ಮುಚ್ಚುವ ದಿನಗಳನ್ನು ಕೊಟ್ಟು ಮತ್ತೆ ಸಾವಿರ ಸಲ ಓಡಿಸಿದೆ. ಹೊಳೆಯಾಚೆಯ ಕೇಂದ್ರಗಳಿಗೆ ಎರಡು ಕಟ್ಟು ಸಾಲಲಿಲ್ಲ. ಐದು ಬೇಕಾದವು, ಅದೂ ಜುಲೈ ಹುಟ್ಟುವ ಮೊದಲೇ.