ರಕ್ತ ಮತ್ತೆ ಹರಿದಾಗ ಬೀಳುವ ಪೆಟ್ಟು ಮತ್ತು ಮೆಲಟೋನಿನ್

ಸ್ಟೆಂಟ್ ಹಾಕಿಸಿಕೊಂಡವರು ಓಪಿಡಿಯಲ್ಲಿ ಈಗೀಗ ಕೇಳುತ್ತಾರೆ, "ಡಾಕ್ಟ್ರೇ, ನಿದ್ದೆಗೆ ಕೊಡ್ತಾರಲ್ಲ ಮೆಲಟೋನಿನ್, ಅದು ಹಾರ್ಟನ್ನೂ ಕಾಪಾಡುತ್ತಂತೆ, ತಗೊಳ್ಳಲಾ?" ಈ ಮಾತು ಸುಮ್ನೆ ಹುಟ್ಟಿದ್ದಲ್ಲ. ಇದರ ಹಿಂದೆ ಗಟ್ಟಿ ಸಂಶೋಧನೆ ಇದೆ. ಆದರೂ ನಾನು ಬೇಡ ಅನ್ನುತ್ತೇನೆ.

ಹಾರ್ಟ್ ಅಟ್ಯಾಕ್ ಅಂದರೆ ರಕ್ತನಾಳ ಕಟ್ಟಿಕೊಂಡು ಹೃದಯದ ಸ್ನಾಯುವಿಗೆ ಆಮ್ಲಜನಕ ನಿಲ್ಲುವುದು. ಬಲೂನ್ ಹಾಕಿ ದಾರಿ ಬಿಡಿಸಲೇಬೇಕು (ಇದೇ ಆಂಜಿಯೋಪ್ಲಾಸ್ಟಿ), ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಆದರೆ ಒಣಗಿ ಬಿರುಕು ಬಿಟ್ಟ ಗದ್ದೆಗೆ ಒಮ್ಮೆಲೇ ತೂಬು ಎತ್ತಿದ ಹಾಗೆ, ರಕ್ತ ನುಗ್ಗಿದ ಮೊದಲ ಕೆಲವು ನಿಮಿಷಗಳಲ್ಲಿ ಇನ್ನೊಂದು ಪೆಟ್ಟು ಬೀಳುತ್ತದೆ. ಹಸಿದ ಜೀವಕೋಶದೊಳಗಿನ ಮೈಟೊಕಾಂಡ್ರಿಯಾ (ಕೋಶಕ್ಕೆ ಶಕ್ತಿ ತಯಾರಿಸುವ ಭಾಗಗಳು) ಆಮ್ಲಜನಕ ಸಿಕ್ಕಿದ ಕೂಡಲೇ ಕೋಶವನ್ನು ಹಾಳುಮಾಡುವ ಫ್ರೀ ರ್‍ಯಾಡಿಕಲ್‌ಗಳನ್ನು ಕಕ್ಕುತ್ತವೆ, ಕ್ಯಾಲ್ಸಿಯಂ ಒಳಗೆ ತುಂಬಿಕೊಳ್ಳುತ್ತದೆ, ಉಳಿಯಬಹುದಾಗಿದ್ದ ಕೋಶಗಳೂ ಸಾಯುತ್ತವೆ.

ರಕ್ತನಾಳದ ಒಳಪದರಕ್ಕೂ ಇದೇ ಗತಿ. ನಾಳವನ್ನು ಸಡಿಲವಾಗಿಡುವ ನೈಟ್ರಿಕ್ ಆಕ್ಸೈಡ್ ಕಡಿಮೆಯಾಗುತ್ತದೆ, ಪದರ ಊದಿಕೊಳ್ಳುತ್ತದೆ, ಬಿಳಿ ರಕ್ತಕಣ ಮತ್ತು ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಬಂದು ಅಂಟುತ್ತವೆ. ಆಂಜಿಯೋಪ್ಲಾಸ್ಟಿ ಮಾಡುವ ಕೋಣೆ, ಅಂದರೆ ಕ್ಯಾಥ್ ಲ್ಯಾಬಿನಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಸ್ಟೆಂಟ್ ಚೆನ್ನಾಗಿ ಕೂತಿರುತ್ತದೆ, ದೊಡ್ಡ ನಾಳ ಪೂರ್ತಿ ತೆರೆದಿರುತ್ತದೆ, ಎಕ್ಸ್-ರೇಯಲ್ಲಿ ಕಾಣುವ ಡೈ ಬಿಟ್ಟರೆ ಮಾತ್ರ ಅದು ಸ್ಟೆಂಟ್ ದಾಟಿ ಸ್ವಲ್ಪ ದೂರ ಹೋಗಿ ಅಲ್ಲೇ ನಿಂತುಬಿಡುತ್ತದೆ, ಇಸಿಜಿಯಲ್ಲಿ ಮೇಲೆದ್ದ ಗೆರೆಯೂ ಇಳಿಯುವುದಿಲ್ಲ. ನಾವು ನೋ-ರಿಫ್ಲೋ (ದಾರಿ ತೆರೆದರೂ ರಕ್ತ ಹರಿಯದಿರುವುದು) ಅನ್ನುವುದು ಇದಕ್ಕೇ. ಆ ಹೊತ್ತಿನಲ್ಲಿ ಕೈಯಲ್ಲೊಂದು ಒಳ್ಳೆಯ ಔಷಧ ಇರಬೇಕಿತ್ತು ಅಂತ ಪ್ರತಿ ಸಲವೂ ಅನ್ನಿಸುತ್ತದೆ.

ಮೆಲಟೋನಿನ್ ಮೇಲೆ ಆಸೆ ಹುಟ್ಟಿದ್ದು ಹೀಗೆ. 1958ರಲ್ಲಿ ಆರನ್ ಲರ್ನರ್ ಗುರುತಿಸಿದ ಈ ಹಾರ್ಮೋನು ಮೆದುಳಿನ ಪೀನಿಯಲ್ ಗ್ರಂಥಿಯಿಂದ ರಾತ್ರಿ ಕತ್ತಲಲ್ಲಿ ಬರುತ್ತದೆ. ಅದು ಸುಲಭವಾಗಿ ಜೀವಕೋಶದ ಒಳಗೆ, ಮೈಟೊಕಾಂಡ್ರಿಯಾದವರೆಗೂ ಹೋಗುತ್ತದೆ. ಫ್ರೀ ರ್‍ಯಾಡಿಕಲ್‌ಗಳನ್ನು ತಾನೇ ಹಿಡಿಯುತ್ತದೆ, ತಾನು ಒಡೆದು ಆದ ಪದಾರ್ಥಗಳೂ ಅದೇ ಕೆಲಸ ಮಾಡುತ್ತವೆ. ಇಲಿಗಳಲ್ಲಿ ಸತ್ತ ಸ್ನಾಯುವಿನ ಪ್ರಮಾಣ ಕಡಿಮೆಯಾಗಿದೆ, ಹೃದಯದ ಲಯ ತಪ್ಪುವುದು ಕಡಿಮೆಯಾಗಿದೆ, ನಾಳದ ಒಳಪದರವೂ ಚೆನ್ನಾಗಿ ಉಳಿದಿದೆ.

ಮನುಷ್ಯರಲ್ಲಿ? ಸ್ಪೇನ್‌ನ ಮಾರಿಯಾ ಹೆಸರಿನ ಟ್ರಯಲ್‌ನಲ್ಲಿ 146 ರೋಗಿಗಳಿದ್ದರು. ಆಂಜಿಯೋಪ್ಲಾಸ್ಟಿ ಹೊತ್ತಲ್ಲೇ ಮೆಲಟೋನಿನ್ ಕೊಟ್ಟು ಆಮೇಲೆ ಎಂಆರ್‌ಐ ಮಾಡಿದರು. 2017ರಲ್ಲಿ ಬಂದ ಫಲಿತಾಂಶ: ಒಟ್ಟಾರೆ ಲಾಭ ಇಲ್ಲ. ಆದರೆ ಲೆಕ್ಕವನ್ನು ಮತ್ತೆ ಬಿಡಿಸಿ ನೋಡಿದಾಗ, ಮೆಲಟೋನಿನ್ ಸಿಗದವರಿಗೆ ಹೋಲಿಸಿದರೆ, ನೋವು ಶುರುವಾಗಿ ಬೇಗ ಬಂದು ಅದನ್ನು ಪಡೆದವರಲ್ಲಿ ಹಾನಿ ಕಡಿಮೆ, ತಡವಾಗಿ ಬಂದವರಲ್ಲಿ ಜಾಸ್ತಿ ಕಂಡಿತು. ಇಂಥ ಮರುಲೆಕ್ಕ ಸುಳಿವು ಕೊಡಬಹುದು ಅಷ್ಟೇ, ಅದನ್ನು ನಂಬಿ ಚಿಕಿತ್ಸೆ ಬದಲಾಯಿಸುವ ಹಾಗಿಲ್ಲ. ಡೆನ್ಮಾರ್ಕ್‌ನ ಇನ್ನೊಂದು ಸಣ್ಣ ಟ್ರಯಲ್‌ನಲ್ಲೂ ಪ್ರಯೋಜನ ಕಾಣಲಿಲ್ಲ.

ಇಲಿಯಲ್ಲಿ ಫಲಿಸಿದ್ದು ಮನುಷ್ಯರಲ್ಲಿ ಯಾಕೆ ಫಲಿಸಲಿಲ್ಲ ಅಂತ ಊಹಿಸುವುದು ಕಷ್ಟವಲ್ಲ. ಪ್ರಯೋಗದ ಇಲಿ ಎಳೆಯದು, ಶುಗರ್ ಇಲ್ಲ, ಬಿಪಿ ಇಲ್ಲ, ಎಷ್ಟೋ ಸಲ ನಾಳ ಕಟ್ಟುವ ಮೊದಲೇ ಔಷಧ ಸಿಕ್ಕಿರುತ್ತದೆ. ನಮ್ಮ ರೋಗಿ ಗ್ಯಾಸ್ಟ್ರಿಕ್ ಇರಬೇಕು ಅಂತ ಬೆಳಗಿನವರೆಗೆ ಕಾದು ಬಂದಿರುತ್ತಾರೆ.

ಇನ್ನು ಅಂಗಡಿಯಿಂದ ತಂದು ನುಂಗುವ ಮಾತ್ರೆ. ಬಿಪಿಗೆ ನಿಫೆಡಿಪಿನ್ ತಗೊಳ್ಳುವವರಲ್ಲಿ ಮೆಲಟೋನಿನ್ ಸೇರಿದಾಗ ಬಿಪಿ ಏರಿದ್ದು ದಾಖಲಾಗಿದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಜೊತೆ ರಕ್ತಸ್ರಾವದ ಭಯವೂ ಇದೆ. ಈಗಾಗಲೇ ತಗೊಳ್ತಾ ಇದ್ದರೆ ಮುಂದಿನ ಭೇಟಿಗೆ ಆ ಸ್ಟ್ರಿಪ್ಪನ್ನೂ ತನ್ನಿ, ಉಳಿದ ಮಾತ್ರೆಗಳ ಜೊತೆ ಇಟ್ಟು ನೋಡೋಣ.