ಬೋಳುಗುಡ್ಡದ ಕೆಳಗೆ ಬದುಕಿರುವ ಕಾಡು

ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮುರು ಸೀಮೆಯ ಗುಡ್ಡಗಳಲ್ಲಿ ಮತ್ತೆ ಕಾಡು ಬೆಳೆಸಬೇಕೆಂಬ ಮಾತು ಬಂದಾಗಲೆಲ್ಲ ನಾವು ಮೊದಲು ಗುಂಡಿ ತೋಡಲು ಹೊರಡುತ್ತೇವೆ. 1950ರಲ್ಲಿ ಕೇಂದ್ರ ಸಚಿವ ಕೆ.ಎಂ. ಮುನ್ಶಿಯವರು ಆರಂಭಿಸಿದ ವನಮಹೋತ್ಸವ ಜುಲೈ ಮೊದಲ ವಾರದಲ್ಲಿ ಬರುತ್ತದೆ. ಈ ಭಾಗದಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ. ನಡುವಿನ ಬಿಸಿಲು, ಗಾಳಿಗೆ ನರ್ಸರಿ ಚೀಲದ ಸಸಿ ಒಣಗಿದರೆ, ಈ ಮಣ್ಣಿನಲ್ಲಿ ಮರವೇ ಬರುವುದಿಲ್ಲ ಎಂದು ತೀರ್ಪು ಕೊಟ್ಟುಬಿಡುತ್ತೇವೆ.

ಆದರೆ ಬೋಳಾಗಿ ಕಾಣುವ ಎಷ್ಟೋ ಗುಡ್ಡಗಳಲ್ಲಿ ಕಾಡು ಸತ್ತಿರುವುದಿಲ್ಲ. ಕಮರ, ದಿಂಡಿಗ, ತುಗ್ಗಲಿಯಂತಹ ಒಣನಾಡಿನ ಮರಗಳನ್ನು ಕಡಿದರೂ ಬುಡ ಉಳಿಯುತ್ತದೆ, ಬುಡದಡಿಯಲ್ಲಿ ಬೇರಿನ ಜಾಲವೂ ಉಳಿಯುತ್ತದೆ. ದಾವಣಗೆರೆಯ ಭದ್ರಾ ಅಚ್ಚುಕಟ್ಟಿನಲ್ಲಿ ಕಬ್ಬು ಕಡಿದ ರೈತ ಹೊಸದಾಗಿ ಬಿತ್ತನೆ ಮಾಡದೆ ಕೂಳೆ ಬೆಳೆ ತೆಗೆಯುತ್ತಾನಲ್ಲವೇ, ಮರದ ಬುಡದಲ್ಲಿ ನಡೆಯುವುದೂ ಅದೇ. ತೊಗಟೆಯ ಕೆಳಗೆ ವರ್ಷಗಟ್ಟಲೆ ಸುಪ್ತವಾಗಿರುವ ಮೊಗ್ಗುಗಳಿರುತ್ತವೆ. ಮರದ ತುದಿಯಲ್ಲಿ ತಯಾರಾಗಿ ಕೆಳಕ್ಕೆ ಹರಿಯುವ ಆಕ್ಸಿನ್ ಎಂಬ ಹಾರ್ಮೋನು ಅವನ್ನು ತಡೆದಿಟ್ಟಿರುತ್ತದೆ. ಕೊಡಲಿ ಬಿದ್ದ ಕ್ಷಣ ಆ ಹರಿವು ನಿಲ್ಲುತ್ತದೆ, ಬೇರಿನಲ್ಲಿ ಕೂಡಿಟ್ಟ ಪಿಷ್ಟ ಸಕ್ಕರೆಯಾಗಿ ಮೇಲೇರುತ್ತದೆ, ಮೊಗ್ಗುಗಳು ಒಟ್ಟಿಗೇ ಒಡೆಯುತ್ತವೆ. ನೆಟ್ಟ ಸಸಿ ನೀರು ಹುಡುಕಿಕೊಂಡು ಬೇರು ಇಳಿಸಬೇಕು. ಕೂಳೆಯ ಚಿಗುರಿಗೆ ನೀರು ಮುಟ್ಟಿದ ಬೇರು ಆಗಲೇ ಸಿದ್ಧವಾಗಿರುತ್ತದೆ. ಕಮರದ ಎಳೆಯ ಗಿಡವಂತೂ ಕೆಲವು ಬೇಸಿಗೆಗಳಲ್ಲಿ ಮೇಲಿನ ಭಾಗವನ್ನು ಒಣಗಲು ಬಿಟ್ಟು, ತಾಯಿಬೇರನ್ನಷ್ಟೇ ಆಳಕ್ಕೆ ಬೆಳೆಸುತ್ತಾ ಕಾಯುತ್ತದೆ. ಅದನ್ನು ಸತ್ತ ಗಿಡವೆಂದು ಕಿತ್ತು ಸಸಿಯ ಗುಂಡಿ ತೋಡಿದರೆ ಅದಕ್ಕಿಂತ ದೊಡ್ಡ ಅವಿವೇಕವಿಲ್ಲ.

ಹಾಗಾದರೆ ಗುಡ್ಡ ತಾನಾಗಿಯೇ ಏಕೆ ಕಾಡಾಗುವುದಿಲ್ಲ? ಪ್ರತಿ ಚಿಗುರನ್ನೂ ಮೇಕೆ ತಿನ್ನುತ್ತದೆ, ತಪ್ಪಿದ್ದನ್ನು ಬೆಂಕಿ ಸುಡುತ್ತದೆ. ಪ್ರತಿ ಸಲವೂ ಬೇರು ತನ್ನ ದಾಸ್ತಾನಿನಿಂದ ಪಿಷ್ಟ ತೆಗೆದು ಖರ್ಚು ಮಾಡಬೇಕು, ತುಂಬಿಕೊಳ್ಳಲು ಎಲೆಗಳಿಗೆ ಬಿಡುವೇ ಸಿಗುವುದಿಲ್ಲ. ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಕೊಟ್ಟರೆ ಹುಲ್ಲು ಹುಲುಸಾಗುತ್ತದೆ ಎಂಬ ನಂಬಿಕೆ ಹಳ್ಳಿಗಳಲ್ಲಿ ಇನ್ನೂ ಇದೆ. ಮೊದಲ ಮಳೆಗೆ ಹೊಸ ಹುಲ್ಲು ಬರುವುದೇನೋ ನಿಜ, ಆದರೆ ತೊಗಟೆ ತೆಳುವಾಗಿರುವ ಎಳೆಯ ಕಾಂಡಗಳು ಆ ಬೆಂಕಿಯಲ್ಲಿ ಬೇಯುತ್ತವೆ.

ಈ ತಿಳಿವಳಿಕೆ ಹೊಸದಲ್ಲ. ಪಶ್ಚಿಮ ಬಂಗಾಳದ ಅರಾಬಾರಿಯಲ್ಲಿ 1970ರ ದಶಕದ ಆರಂಭದಲ್ಲಿ ಅರಣ್ಯಾಧಿಕಾರಿ ಅಜಿತ್ ಕುಮಾರ್ ಬ್ಯಾನರ್ಜಿಯವರು ಸುತ್ತಲಿನ 11 ಹಳ್ಳಿಗಳ ಜನರನ್ನು ಕರೆದು, ಸುಮಾರು 1,272 ಹೆಕ್ಟೇರ್ ಹಾಳು ಕಾಡನ್ನು ಕಾದರೆ ಆದಾಯದಲ್ಲಿ ಕಾಲುಪಾಲು ಕೊಡುವ ಒಪ್ಪಂದ ಮಾಡಿಕೊಂಡರು. ಕೊಡಲಿ ನಿಂತಿತು, ಸಾಲ್ ಎಂಬ ಜಾತಿಯ ಮರಗಳು ಬುಡದಿಂದಲೇ ಎದ್ದು ಬಂದವು. 1990ರಲ್ಲಿ ಕೇಂದ್ರ ಸರ್ಕಾರ ಇಂತಹ ಸಹಭಾಗಿತ್ವಕ್ಕೆ ಸುತ್ತೋಲೆ ಹೊರಡಿಸಿತು, 1993ರಲ್ಲಿ ಕರ್ನಾಟಕದ ಆದೇಶ ಬಂದು ನಮ್ಮಲ್ಲೂ ಗ್ರಾಮ ಅರಣ್ಯ ಸಮಿತಿಗಳು ರೂಪುಗೊಂಡವು. ಆಫ್ರಿಕಾದ ನೈಜರ್‌ನಲ್ಲಿ ವರ್ಷಗಳ ಕಾಲ ಸಸಿ ನೆಟ್ಟು ಸೋತಿದ್ದ ಆಸ್ಟ್ರೇಲಿಯಾದ ಕೃಷಿತಜ್ಞ ಟೋನಿ ರಿನಾಡೊ ಅವರಿಗೆ 1983ರಲ್ಲಿ ಹೊಲದ ಪೊದೆಗಳು ವಾಸ್ತವವಾಗಿ ಕಡಿದ ಮರಗಳ ಕೂಳೆ ಎಂಬುದು ಹೊಳೆಯಿತು. ಅಲ್ಲಿನ ರೈತರು ಚಿಗುರು ಆರಿಸಿ ಉಳಿಸಿಕೊಂಡೇ ಸುಮಾರು 50 ಲಕ್ಷ ಹೆಕ್ಟೇರ್‌ನಲ್ಲಿ ಮರಗಳನ್ನು ಮರಳಿ ಪಡೆದರು.

ನಮ್ಮ ಜಿಲ್ಲೆಗಳಲ್ಲಿ ಕಠಿಣವಾದದ್ದು ವಿಜ್ಞಾನವಲ್ಲ, ಮೇವಿನ ಲೆಕ್ಕ. ಕುರಿ ಸಾಕುವ ಕುಟುಂಬಗಳು, ದೇವರ ಎತ್ತುಗಳ ಹಿಂಡನ್ನು ಕಾಯುವ ಮ್ಯಾಸಬೇಡ ಸಮುದಾಯದ ಕಿಲಾರಿಗಳು ಇವರನ್ನೆಲ್ಲ ಹೊರಗಿಟ್ಟು ಇಡೀ ಗುಡ್ಡಕ್ಕೆ ಬೇಲಿ ಹಾಕಿದರೆ ಆ ಬೇಲಿ ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಅಮೃತಮಹಲ್ ತಳಿಯ ದನಗಳ ಮೇವಿಗೆಂದು ಕಾದಿಟ್ಟ, ಹುಲ್ಲುಗಾವಲಾಗಿಯೇ ಇರಬೇಕಾದ ಕಾವಲುಗಳಲ್ಲಿ ಮರ ತುಂಬಿಸುವುದೂ ತಪ್ಪು. ಕೃಷ್ಣಮೃಗಕ್ಕೆ ಬೇಕಾದದ್ದು ಬಯಲು. ಗುಡ್ಡದ ಒಂದು ಪಾಲನ್ನು ಮಾತ್ರ ಚಿಗುರು ಮೇಕೆಯ ಬಾಯಿಗೆ ಎಟುಕದಷ್ಟು ಎತ್ತರವಾಗುವವರೆಗೆ ಮುಚ್ಚಿ, ಅಲ್ಲಿನ ಹುಲ್ಲನ್ನು ಕೊಯ್ದು ಹೊತ್ತೊಯ್ಯಲು ಬಿಟ್ಟು, ಬಳಿಕ ಪಕ್ಕದ ಪಾಲಿಗೆ ಸರಿಯುವುದು ನಡೆಯುವ ಮಾತು. ಯಾವ ಪಾಲು ಮೊದಲು ಎಂಬುದನ್ನು ಕುರಿಗಾಹಿಗಳನ್ನು ಕೂರಿಸಿಕೊಂಡೇ ತೀರ್ಮಾನಿಸಬೇಕು. ಪ್ರತಿ ಬುಡದಲ್ಲಿ ಎರಡು ಮೂರು ಗಟ್ಟಿ ಕಾಂಡ ಉಳಿಸಿ ಮಿಕ್ಕ ಚಿಗುರನ್ನು ನೆಲಮಟ್ಟಕ್ಕೆ, ನೀರು ನಿಲ್ಲದಂತೆ ಓರೆಯಾಗಿ ಸವರಿದರೆ, ಮರ ದೊಡ್ಡದಾಗುವ ಮೊದಲೇ ಕಾವಲು ಕಾದವರ ಒಲೆಗೆ ಸೌದೆ ಸಿಗುತ್ತದೆ.