ನೀರು ಬಿಟ್ಟ ನೀರುಪ್ರಿಯರು

ಜೂನ್ ಮೊದಲ ವಾರ, ಹದವಾದ ಒಂದು ಮಳೆ ಹೊಯ್ದು ನಿಂತಿತ್ತು. ರಾತ್ರಿ ಊಟ ಮುಗಿಸಿ ಜಗಲಿಯಲ್ಲಿ ಕುಳಿತಿದ್ದಾಗ ದೀಪದ ಕೆಳಗೆ ಟಪ್ಪೆಂದು ಏನೋ ಬಿತ್ತು. ಉದುರಿಬಿದ್ದ ಗೆದ್ದಲು ರೆಕ್ಕೆಗಳ ನಡುವೆ ಅಂಗಾತ ಬಿದ್ದು ಕಾಲು ಬಡಿಯುತ್ತಿದ್ದ ಒಂದು ಕಪ್ಪು ಹುಳು. ಎಣ್ಣೆ ಸವರಿದ ಹುಣಸೆ ಬೀಜದಂತೆ ಮಿರಮಿರ ಮಿಂಚುತ್ತಿತ್ತು, ಉದ್ದ ಮಾತ್ರ ಸುಮಾರು ನಾಲ್ಕು ಸೆಂಟಿಮೀಟರ್. ಒಳಗಿನಿಂದ ಬಂದ ಸೋದರತ್ತೆ ಒಮ್ಮೆ ಬಗ್ಗಿ ನೋಡಿ, "ಸಗಣಿ ಹುಳು ಕಣೋ ಅದು, ಆಚೆ ಎಸೆದು ಕೈ ತೊಳೆದುಕೊಂಡು ಬಾ" ಎಂದರು.

ಎಸೆಯಲಿಲ್ಲ. ಎತ್ತಿಕೊಂಡೆ, ಚುಚ್ಚಿಸಿಕೊಂಡೆ. ದೋಣಿಯ ಅಡಿಮರದ ಹಾಗೆ ಇದರ ಎದೆಯ ಕೆಳಗೆ ಉದ್ದಕ್ಕೂ ಒಂದು ಏಣು ಹಾದುಹೋಗುತ್ತದೆ; ಹಿಂದಿನ ತುದಿಯಲ್ಲಿ ಅದು ಮುಳ್ಳಾಗಿ ಚೂಪುಗೊಳ್ಳುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಹುಳು ಹಿಂದಕ್ಕೆ ಜಾರುತ್ತದೆ, ಮುಳ್ಳು ಅಂಗೈಗೆ ನಾಟುತ್ತದೆ. ಈ ಮುಳ್ಳೇ ಅದರ ಗುರುತಿನ ಚೀಟಿ. ನನ್ನ ಕೈಯಲ್ಲಿದ್ದುದು ಸಗಣಿ ಹುಳುವಲ್ಲ. ಕೆರೆಯಿಂದ ಹಾರಿ ಬಂದು ದೀಪಕ್ಕೆ ಮರುಳಾಗಿ ಬಿದ್ದ ಹೈಡ್ರೊಫಿಲಸ್. ಗ್ರೀಕ್ ಮೂಲದ ಈ ಹೆಸರಿಗೆ 'ನೀರನ್ನು ಪ್ರೀತಿಸುವುದು' ಎಂದು ಅರ್ಥ. ಇದರ ಇಡೀ ಕುಟುಂಬವೇ ಹೈಡ್ರೊಫಿಲಿಡೆ. ಇಂಗ್ಲಿಷಿನಲ್ಲಿ 'ವಾಟರ್ ಸ್ಕ್ಯಾವೆಂಜರ್ ಬೀಟಲ್' ಅನ್ನುತ್ತಾರೆ, ಅಂದರೆ ನೀರಿನ ಜಾಡಮಾಲಿ. ಕನ್ನಡದಲ್ಲಿ ಇದಕ್ಕೆಂದೇ ಒಂದು ಹೆಸರು ನನ್ನ ಕಿವಿಗೆ ಬಿದ್ದಿಲ್ಲ. 'ಜೀರುಂಡೆ' ಎಂದರೆ ಮಲೆನಾಡಿನವರಿಗೆ ಮರದ ಮೇಲೆ ಕುಳಿತು ಕಿವಿ ಗುಂಯ್‌ಗುಡಿಸುವ ಬೇರೆಯದೇ ಕೀಟ ನೆನಪಾಗುತ್ತದೆ. 'ದುಂಬಿ' ಎಂದರೆ ಕವಿಗಳು ಬಿಡುವುದಿಲ್ಲ. ಇಲ್ಲಿ ಗಟ್ಟಿ ರೆಕ್ಕೆಯ ಹುಳುವಿಗೆ ಜೀರುಂಡೆ ಎಂದೇ ಬರೆಯುತ್ತೇನೆ, ಮಲೆನಾಡಿನವರು ಹೊಂದಿಕೊಳ್ಳಬೇಕು.

ಅತಿಥಿಯನ್ನು ಉಪ್ಪಿನಕಾಯಿಯ ಹಳೆಯ ಗಾಜಿನ ಜಾಡಿಯಲ್ಲಿ ನೀರು ತುಂಬಿ ಬಿಟ್ಟೆ. ಜೊತೆಗೆ ಕೆರೆಯ ಪಾಚಿ ಒಂದು ಹಿಡಿ. ಮುಳುಗಿದ ಕೂಡಲೇ ಅದರ ಹೊಟ್ಟೆಯ ಭಾಗ ಬೆಳ್ಳಿಯ ತಗಡು ಹೊದಿಸಿದಂತೆ ಹೊಳೆಯತೊಡಗಿತು. ಅದು ಬೆಳ್ಳಿಯಲ್ಲ, ಗಾಳಿ. ಹೊಟ್ಟೆಯ ಮೇಲಿರುವ ಒತ್ತಾದ ಸಣ್ಣ ರೋಮಗಳು ನೀರನ್ನು ಹತ್ತಿರ ಸೇರಿಸುವುದಿಲ್ಲ. ಆ ರೋಮಗಳ ನಡುವೆ ಗಾಳಿಯ ತೆಳು ಹಾಳೆಯೊಂದು ಸಿಕ್ಕಿಕೊಳ್ಳುತ್ತದೆ. ರೆಕ್ಕೆ ಚಿಪ್ಪಿನ ಅಡಿಯಲ್ಲೂ ಒಂದಷ್ಟು ಗಾಳಿ ಇರುತ್ತದೆ. ಹುಳು ಉಸಿರಾಡಿದಂತೆ ಈ ಗಾಳಿಯ ಆಮ್ಲಜನಕ ಕಡಿಮೆಯಾಗುತ್ತದೆ, ಆಗ ಸುತ್ತಲಿನ ನೀರಿನಲ್ಲಿ ಕರಗಿರುವ ಆಮ್ಲಜನಕ ಒಳಕ್ಕೆ ಇಳಿಯುತ್ತದೆ. ಅಂದರೆ ಗಾಳಿಯ ಈ ಹಾಳೆ ಬರಿಯ ಬುತ್ತಿಯಲ್ಲ, ಕಿವಿರಿನಂತೆ ಕೆಲಸವನ್ನೂ ಮಾಡುತ್ತದೆ. ಆದರೆ ಗಾಳಿಯಲ್ಲಿನ ಸಾರಜನಕ ನಿಧಾನವಾಗಿ ನೀರಿಗೆ ಸೋರಿಹೋಗಿ ಹಾಳೆ ಕುಗ್ಗುತ್ತದೆ. ಹಾಗಾಗಿ ಹುಳು ಆಗಾಗ ಮೇಲೆ ಬರಲೇಬೇಕು.

ಬರುವ ಬಗೆಯನ್ನು ನೋಡಲೆಂದೇ ನಾನು ಜಾಡಿಯ ಎದುರು ಮುಕ್ಕಾಲು ಗಂಟೆ ಕುಳಿತೆ. ಕೆರೆಯ ಇನ್ನೊಂದು ಪ್ರಸಿದ್ಧ ಜೀರುಂಡೆ ಕುಟುಂಬ ಡಿಟಿಸಿಡೆ. ಅವು ಬೇಟೆಗಾರರು, ಉಸಿರಿಗೆ ಬರುವಾಗ ಬಾಲದ ತುದಿಯನ್ನು ನೀರಿನಿಂದ ಮೇಲಕ್ಕೆತ್ತಿ ತಲೆಕೆಳಗಾಗಿ ತೂಗುತ್ತವೆ. ನನ್ನದು ಹಾಗೆ ಮಾಡಲಿಲ್ಲ. ತಲೆಯನ್ನೇ ಮೇಲೆ ತಂದಿತು, ಸ್ವಲ್ಪ ಓರೆಯಾಯಿತು, ಕಣ್ಣಿನ ಪಕ್ಕದಿಂದ ಒಂದು ಮೋಟು ಮೀಸೆ ಹೊರಬಂದು ನೀರಿನ ಮೈಯನ್ನು ಮುಟ್ಟಿತು. ಮುಟ್ಟಿದಲ್ಲಿ ನೀರು ಸಣ್ಣಗೆ ಕುಳಿಬಿದ್ದು, ಹೊರಗಿನ ಗಾಳಿಗೂ ಹೊಟ್ಟೆಯ ಬೆಳ್ಳಿಗೂ ನಡುವೆ ಕೊಳವೆಯಂತೆ ದಾರಿ ತೆರೆಯಿತು. ಕೆಲವು ಕ್ಷಣ ಮೈ ಮೆಲ್ಲಗೆ ಏರಿಳಿಯಿತು, ಮತ್ತೆ ಮುಳುಗು. ಈಜುವಾಗಲೂ ವ್ಯತ್ಯಾಸವಿದೆ. ಡಿಟಿಸಿಡೆಯವು ಹಿಂಗಾಲೆರಡನ್ನೂ ಒಟ್ಟಿಗೆ ಹುಟ್ಟು ಹಾಕಿದಂತೆ ಬೀಸುತ್ತವೆ. ಇದು ಒಂದಾದ ಮೇಲೊಂದು ಕಾಲು ಬೀಸುತ್ತ, ನೀರಿನೊಳಗೆ ಸೈಕಲ್ ತುಳಿಯುವವರ ಹಾಗೆ ಹೋಗುತ್ತದೆ. ಚಂದದ ಈಜು ಎನ್ನಲಾರೆ.

ಮೀಸೆಯನ್ನು ಉಸಿರಾಟಕ್ಕೆ ಒತ್ತೆ ಇಟ್ಟ ಮೇಲೆ ದಾರಿ ತಡವುವುದು ಯಾವುದರಿಂದ? ಬಾಯಿಯ ಪಕ್ಕದ ಸ್ಪರ್ಶಾಂಗಗಳಿಂದ. ಬೇರೆ ಜೀರುಂಡೆಗಳಲ್ಲಿ ಅವು ಇದ್ದೂ ಇಲ್ಲದಂತೆ ಇರುತ್ತವೆ. ಇಲ್ಲಿ ಉದ್ದಕ್ಕೆ ಬೆಳೆದು ಮುಂದಕ್ಕೆ ಚಾಚಿಕೊಂಡಿವೆ, ನೋಡಿದವರು ಅವನ್ನೇ ಮೀಸೆ ಎಂದುಕೊಳ್ಳುತ್ತಾರೆ. ನಿಜವಾದ ಮೀಸೆ ತಲೆಯ ಅಡಿಯಲ್ಲಿ ಮಡಚಿ ಬಚ್ಚಿಟ್ಟಿರುತ್ತದೆ. ಈ ವೇಷವನ್ನು ಗಮನಿಸಿಯೇ ಹಿಂದಿನ ಕೀಟಶಾಸ್ತ್ರಜ್ಞರು ಈ ಗುಂಪಿಗೆ 'ಪ್ಯಾಲ್ಪಿಕಾರ್ನಿಯಾ', ಅಂದರೆ ಸ್ಪರ್ಶಾಂಗವೇ ಕೊಂಬಾದವು, ಎಂಬ ಹೆಸರಿಟ್ಟಿದ್ದರು.

ಹೆಸರಿಡುವ ಚರಿತ್ರೆಯಲ್ಲಿ ಒಂದು ತಮಾಷೆ ಇದೆ. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್, ಜೀವಿಗಳನ್ನು ವರ್ಗೀಕರಿಸಿದ ತನ್ನ ಪುಸ್ತಕದಲ್ಲಿ, ಯುರೋಪಿನ ದೊಡ್ಡ ಹೈಡ್ರೊಫಿಲಸನ್ನು ನೀರಿನಲ್ಲಿ ಇರುವುದೆಂದು ಡಿಟಿಸ್ಕಸ್ ಗುಂಪಿಗೆ, ಅಂದರೆ ಆ ಬೇಟೆಗಾರ ಜೀರುಂಡೆಗಳ ಸಾಲಿಗೆ ಸೇರಿಸಿದ. ಅದೇ ವರ್ಷ, ಅದೇ ಪುಸ್ತಕದಲ್ಲಿ, ಸಗಣಿಯಲ್ಲಿ ಸಿಗುವ ಒಂದು ಪುಟ್ಟ ಜೀರುಂಡೆಯನ್ನು ಡರ್ಮೆಸ್ಟಿಸ್ ಗುಂಪಿಗೆ, ಅಂದರೆ ಒಣಗಿದ ಚರ್ಮ ತಿನ್ನುವ ಹುಳುಗಳ ಸಾಲಿಗೆ ಹಾಕಿದ. ಇವತ್ತು ಇವೆರಡೂ ಒಂದೇ ಕುಟುಂಬ. ಮೊದಲನೆಯದು ಹೈಡ್ರೊಫಿಲಸ್ ಪಿಸಿಯಸ್, ಎರಡನೆಯದು ಸ್ಫೇರಿಡಿಯಂ ಸ್ಕ್ಯಾರಬಿಯಾಯ್ಡಿಸ್. ವಾಸದ ಜಾಗ ನೋಡಿ ವಂಶ ಹೇಳಲು ಹೋದರೆ ಲಿನೇಯಸ್‌ನಂಥವನೂ ಎಡವುತ್ತಾನೆ. ಕುಟುಂಬವಾಗಿ ಹೈಡ್ರೊಫಿಲಿಡೆಗೆ ನೆಲೆ ಸಿಕ್ಕಿದ್ದು 1802ರಲ್ಲಿ, ಲತ್ರೈ ಎಂಬ ಫ್ರೆಂಚ್ ಕೀಟಶಾಸ್ತ್ರಜ್ಞನಿಂದ.

ಹಾಗಾದರೆ ವಂಶವನ್ನು ಹೇಳುವುದು ಯಾವುದು? ಉದ್ದದ ಸ್ಪರ್ಶಾಂಗವಂತೂ ಅಲ್ಲ, ಏಕೆಂದರೆ ಸಗಣಿಯಲ್ಲಿರುವ ಸಂಬಂಧಿಕರಲ್ಲಿ ಅದು ಮೋಟು. ನೆಲದ ಮೇಲೆ ಬದುಕುವವುಗಳಿಗೆ ವಾಸನೆ ಹಿಡಿಯಲು ಮೀಸೆ ಬೇಕು, ಅದನ್ನು ಬಚ್ಚಿಟ್ಟರೆ ಬದುಕು ನಡೆಯುವುದಿಲ್ಲ. ನೀರಲ್ಲೂ ನೆಲದಲ್ಲೂ ಬದಲಾಗದೆ ಉಳಿದಿರುವುದು ಆ ಮೋಟು ಮೀಸೆಯ ವಿನ್ಯಾಸ: ತುದಿಯಲ್ಲಿ ರೋಮ ತುಂಬಿದ ಮೂರು ಗೆಣ್ಣುಗಳ ಗದೆ, ಅದರ ಬುಡದಲ್ಲಿ ಪುಟ್ಟ ಬಟ್ಟಲಿನಂತೆ ಒಂದು ನುಣುಪು ಗೆಣ್ಣು. ಭೂತಗನ್ನಡಿಯಲ್ಲಿ ನೋಡಿದರೆ ಬಟ್ಟಲಲ್ಲಿ ಇಟ್ಟ ಮೊಗ್ಗಿನಂತೆ ಕಾಣುತ್ತದೆ. ನಾನು ನನ್ನ ಅತಿಥಿಯದನ್ನು ನೋಡಿದಾಗ ನಿಜಕ್ಕೂ ಹಾಗೆಯೇ ಇತ್ತು.

ವರ್ಗೀಕರಣದ ಜಗಳ ಇಪ್ಪತ್ತನೆಯ ಶತಮಾನದ ಉದ್ದಕ್ಕೂ ನಡೆಯಿತು. 1991ರಲ್ಲಿ ಡೆನ್ಮಾರ್ಕಿನ ಮೈಕಲ್ ಹ್ಯಾನ್ಸನ್ ಹಳೆಯ ಅವಿಭಕ್ತ ಕುಟುಂಬವನ್ನು ಪಾಲು ಮಾಡಿ ಹೆಲೊಫೋರಿಡೆ, ಹೈಡ್ರೊಕಿಡೆ, ಜಿಯೊರಿಸಿಡೆ, ಎಪಿಮೆಟೊಪಿಡೆ, ಸ್ಪರ್ಕಿಯಿಡೆ ಎಂಬ ಸಣ್ಣ ಮನೆಗಳನ್ನು ಬೇರೆ ಮಾಡಿದ. 2013ರಲ್ಲಿ ಆಂಡ್ರ್ಯೂ ಶಾರ್ಟ್ ಮತ್ತು ಮಾರ್ಟಿನ್ ಫಿಕಾಚೆಕ್ ಡಿಎನ್‌ಎ ಹೋಲಿಸಿ, ಉಳಿದ ಹೈಡ್ರೊಫಿಲಿಡೆಯನ್ನು ಆರು ಉಪಕುಟುಂಬಗಳಾಗಿ ಜೋಡಿಸಿದರು. ಆರರ ಪಟ್ಟಿ ಓದಿ ಯಾರಿಗೂ ಪ್ರಯೋಜನವಿಲ್ಲ. ನಮ್ಮ ಕೆರೆ, ಗದ್ದೆಗಳಲ್ಲಿ ದಿನವೂ ಸಿಗುವ ಹೈಡ್ರೊಫಿಲಸ್, ಸ್ಟರ್ನೊಲೊಫಸ್, ಬೆರೋಸಸ್ ಇವೆಲ್ಲ ಒಂದು ಕವಲು. ಮೊಟ್ಟೆಯ ಚೀಲವನ್ನು ಹೊಟ್ಟೆಗೆ ಅಂಟಿಸಿಕೊಂಡೇ ಓಡಾಡುವ ಹೆಲೊಕೇರಿಸ್ ಇನ್ನೊಂದರದು. ಸಗಣಿ, ಕೊಳೆತ ಎಲೆಗಳ ಕಡೆ ಹೊರಟ ಸ್ಫೇರಿಡಿನೆ ಮತ್ತೊಂದು. ಇಷ್ಟು ನೆನಪಿದ್ದರೆ ಸಾಕು. ಒಟ್ಟು ಮೂರು ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ, ಅದರಲ್ಲಿ ಸುಮಾರು ಮೂರನೇ ಒಂದು ಪಾಲು ಈ ಸ್ಫೇರಿಡಿನೆಯದೇ. 'ನೀರಿನ' ಎಂಬ ಪದವೇ ಕುಟುಂಬದ ಮೂರರಲ್ಲೊಂದು ಪಾಲಿಗೆ ಹೊಂದುವುದಿಲ್ಲ.

'ಜಾಡಮಾಲಿ' ಎಂಬ ಪದದ ಕಥೆಯೂ ಅಷ್ಟೇ. ದೊಡ್ಡ ಹುಳುಗಳು ಪಾಚಿ, ಕೊಳೆತ ಗಿಡ, ಕೆಲವೊಮ್ಮೆ ಸತ್ತ ಜೀವಿಗಳನ್ನು ತಿನ್ನುವುದು ನಿಜ. ಆದರೆ ಮರಿಹುಳು ಅಪ್ಪಟ ಬೇಟೆಗಾರ. ಹೈಡ್ರೊಫಿಲಸ್ ಮರಿಗೆ ಬಸವನಹುಳು ಎಂದರೆ ಪ್ರಾಣ. ಹಿಡಿದ ಬಸವನಹುಳುವನ್ನು ತಲೆ ಹಿಂದಕ್ಕೆ ಬಗ್ಗಿಸಿ, ತನ್ನ ಬೆನ್ನಿಗೇ ಒತ್ತಿ ಚಿಪ್ಪು ಪುಡಿ ಮಾಡುತ್ತದೆ. ಇದರ ಎಡ ಮತ್ತು ಬಲ ದವಡೆಗಳು ಒಂದೇ ಥರ ಇರುವುದಿಲ್ಲ. ಬಹುಪಾಲು ಬಸವನಹುಳುಗಳ ಚಿಪ್ಪು ಬಲಕ್ಕೆ ಸುತ್ತಿರುವುದರಿಂದ ಅವನ್ನು ತಿನ್ನಲು ಈ ಓರೆಕೋರೆ ಅನುಕೂಲ ಎಂದು ಜಪಾನಿನ ಸಂಶೋಧಕರು 2003ರಲ್ಲಿ ತೋರಿಸಿದರು. ಈ ಕುಟುಂಬದ ಹಲವು ಮರಿಗಳು ಉಣ್ಣುವಾಗ ಬೇಟೆಯನ್ನು ನೀರಿನಿಂದ ಮೇಲೆತ್ತಿ ಹಿಡಿಯುತ್ತವೆ. ಅವು ಜೀರ್ಣರಸವನ್ನು ಬೇಟೆಯ ಮೇಲೆ ಸುರಿದು, ಕರಗಿದ್ದನ್ನು ಹೀರುವವು. ನೀರಿನೊಳಗೇ ಸುರಿದರೆ ರಸ ತೆಳ್ಳಗಾಗಿ ಹರಿದುಹೋಗುತ್ತದೆ.

ಇದೇ ಮರಿಯ ತಾಯಿ ನೂಲು ನೇಯುತ್ತಾಳೆ ಎಂದರೆ ನಂಬಲು ಸ್ವಲ್ಪ ಹೊತ್ತು ಬೇಕು. ಜೀರುಂಡೆಗಳಲ್ಲಿ ಇದು ಅಪರೂಪದ ಕಲೆ. ಹೊಟ್ಟೆಯ ತುದಿಯಿಂದ ರೇಷ್ಮೆಯಂಥ ಎಳೆ ಬಿಡುತ್ತ, ತೇಲುವ ಎಲೆಯೊಂದರ ಆಸರೆಯಲ್ಲಿ ಬಿಳಿಯ ಗೂಡು ಕಟ್ಟಿ, ಒಳಗೆ ಮೊಟ್ಟೆಗಳನ್ನು ಸಾಲಾಗಿ ಇಟ್ಟು ಮುಚ್ಚುತ್ತಾಳೆ. ಕೊನೆಗೆ ಗೂಡಿನ ತುದಿಯಿಂದ ಹಾಯಿದೋಣಿಯ ಕಂಬದಂತೆ ಒಂದು ಕಡ್ಡಿ ನೀರಿನಿಂದ ಮೇಲಕ್ಕೆ ನಿಲ್ಲುತ್ತದೆ. ಮರಿ ಬೆಳೆದ ಮೇಲೆ ದಡಕ್ಕೆ ಹತ್ತಿ, ಒದ್ದೆ ಮಣ್ಣಿನಲ್ಲಿ ಗೂಡು ತೋಡಿ ಅಲ್ಲಿ ಕೋಶವಾಗುತ್ತದೆ. ಹಾಗಾಗಿ ಈ ನೀರುಪ್ರಿಯನಿಗೂ ದಡದ ಮಣ್ಣಿಲ್ಲದೆ ಬಾಳಿಲ್ಲ. ಕೆರೆಯ ಅಂಚಿಗೆಲ್ಲ ಕಲ್ಲು ಕಟ್ಟಿ, ಸಿಮೆಂಟು ಮೆತ್ತಿ 'ಅಭಿವೃದ್ಧಿ' ಮಾಡುವವರನ್ನು ಕಂಡಾಗ ನನಗೆ ಈ ಕೋಶದ ನೆನಪಾಗುತ್ತದೆ.

ಇವುಗಳ ಮನೆಗಳ ವಿಸ್ತಾರ ನೋಡಿ. ಬಂಡೆಯ ಮೇಲೆ ಎಣ್ಣೆ ಸವರಿದಷ್ಟು ತೆಳ್ಳಗೆ ಜಿನುಗುವ ನೀರಿನಲ್ಲಿ ಊಸೈಕ್ಲಸ್ ಕುಲದವು ಇರುತ್ತವೆ. ಸಮುದ್ರದ ದಡಕ್ಕೆ ಬಿದ್ದು ಕೊಳೆಯುವ ಕಡಲಪಾಚಿಯಲ್ಲಿ ಸರ್ಸಿಯಾನ್ ಕುಲದ ಕೆಲವು. ಮಧ್ಯ ಹಾಗೂ ದಕ್ಷಿಣ ಅಮೆರಿಕದಲ್ಲಿ ಮರದ ಮೇಲೆ ಬೆಳೆಯುವ ಬ್ರೊಮೆಲಿಯಡ್ ಗಿಡಗಳ ಎಲೆಬುಡದಲ್ಲಿ ನಿಂತ ಬೊಗಸೆ ನೀರಿನಲ್ಲಿ ಕೆಲವು. ಇರುವೆಗಳ ಗೂಡಿನೊಳಗೂ ಬಾಡಿಗೆದಾರರಿದ್ದಾರೆ. ನ್ಯೂಜಿಲೆಂಡಿನ ರಿಗ್ಮೋಡಸ್ ದೊಡ್ಡದಾದ ಮೇಲೆ ಹೂವಿನಿಂದ ಹೂವಿಗೆ ಹೋಗಿ ಪರಾಗ ತಿನ್ನುತ್ತದೆ, ಮರಿಯಾಗಿದ್ದಾಗ ತೊರೆಯಲ್ಲಿ ಬೇಟೆಯಾಡಿರುತ್ತದೆ. ಬಾಳೆ ತೋಟದಲ್ಲಿ ಬಿದ್ದು ಕೊಳೆತ ದಿಂಡನ್ನು ಸೀಳಿದರೆ ಡ್ಯಾಕ್ಟಿಲೊಸ್ಟರ್ನಂ ಸಿಗಬಹುದು. ಬಾಳೆಗಡ್ಡೆ ಕೊರೆಯುವ ಮೂತಿಹುಳುವಿನ ಮರಿಗಳನ್ನು ತಿನ್ನುವುದರಿಂದ ಇದನ್ನು ರೈತನ ನಂಟನೆಂದು ದೇಶದಿಂದ ದೇಶಕ್ಕೆ ಒಯ್ದದ್ದೂ ಉಂಟು. ಇನ್ನು ಸ್ಫೇರಿಡಿನೆಯೊಳಗೇ ಸೀಲೊಸ್ಟೋಮದಂಥವು ನೆಲಕ್ಕೆ ಹೋದವರ ವಂಶದಲ್ಲಿ ಹುಟ್ಟಿ ಮತ್ತೆ ನೀರಿನ ಅಂಚಿಗೆ ಮರಳಿವೆ. ಊರು ಬಿಟ್ಟು ಹೋದವರ ಮೊಮ್ಮಕ್ಕಳು ಊರಿಗೆ ಬಂದು ನೆಲೆಸಿದ ಹಾಗೆ.

ನನಗೆ ಎಲ್ಲಕ್ಕಿಂತ ಹೆಚ್ಚು ಬೆರಗು ಹುಟ್ಟಿಸಿದ ಮನೆ ಮಾತ್ರ ಕಪ್ಪೆಯ ಹೊಟ್ಟೆ. ಮನೆ ಎನ್ನುವುದಕ್ಕಿಂತ ದಾರಿ ಎನ್ನಬೇಕು. ಭತ್ತದ ಗದ್ದೆಗಳ ರೆಜಿಂಬಾರ್ಟಿಯಾ ಅಟೆನುವೇಟಾ ನಾಲ್ಕೈದು ಮಿಲಿಮೀಟರಿನ ಕರಿಹುಳು. ಜಪಾನಿನ ಕೋಬೆ ವಿಶ್ವವಿದ್ಯಾಲಯದ ಶಿಂಜಿ ಸುಗಿಯುರಾ ಇದನ್ನು ಕಪ್ಪೆಗಳಿಗೆ ತಿನ್ನಿಸಿ ನೋಡಿದರು. ಕಪ್ಪೆಗೆ ಅಗಿಯುವ ಅಭ್ಯಾಸವಿಲ್ಲ, ನುಂಗುವುದೇ. ನುಂಗಿದ ಹುಳುಗಳಲ್ಲಿ ಶೇಕಡ 90ಕ್ಕೂ ಹೆಚ್ಚು ಆರು ಗಂಟೆಯೊಳಗೆ ಕಪ್ಪೆಯ ಹಿಂಬದಿಯಿಂದ ಜೀವಂತವಾಗಿ ಹೊರಬಂದವು. ಒಂದಂತೂ ಆರೇ ನಿಮಿಷದಲ್ಲಿ. ಕಾಲುಗಳನ್ನು ಮೇಣದಿಂದ ಅಂಟಿಸಿ ತಿನ್ನಿಸಿದಾಗ ಒಂದೂ ಬದುಕಲಿಲ್ಲ. ಅಂದರೆ ಹುಳು ಸುಮ್ಮನೆ ತಳ್ಳಿಸಿಕೊಂಡು ಬರುತ್ತಿಲ್ಲ, ಕರುಳಿನುದ್ದಕ್ಕೂ ಕಾಲು ಬಡಿದುಕೊಂಡು ತಾನೇ ದಾರಿ ಮಾಡಿಕೊಂಡು ಬರುತ್ತದೆ. ಈ ವರದಿ 2020ರಲ್ಲಿ ಪ್ರಕಟವಾಯಿತು. ಕೆರೆಯ ತಳದಲ್ಲಿ ಪಾಚಿಯ ನಡುವೆ ನುಸುಳಿ ನುಸುಳಿ ಬಲಿತ ಕಾಲು ಇಲ್ಲಿ ಕೈ ಹಿಡಿಯಿತೇನೋ.

ಎರಡನೆಯ ದಿನ ಬೆಳಿಗ್ಗೆ ಜಾಡಿಯನ್ನು ಹಿಡಿದು ಕೆರೆಗೆ ಹೊರಟೆ. ಏರಿಯ ಮೇಲೆ ಆಗಷ್ಟೇ ದನಗಳು ಹಾದುಹೋಗಿದ್ದವು, ಸಗಣಿಯಿಂದ ಇನ್ನೂ ಹಬೆ ಏಳುತ್ತಿತ್ತು. ಕುಕ್ಕರಗಾಲಿನಲ್ಲಿ ಕುಳಿತು ಕಡ್ಡಿಯಿಂದ ಅಂಚನ್ನು ಎಬ್ಬಿಸಿದೆ. ಮೆಣಸಿನ ಕಾಳಿಗಿಂತ ತುಸು ದೊಡ್ಡ, ದುಂಡನೆಯ ಎರಡು ಹುಳುಗಳು; ಕಪ್ಪು ಚಿಪ್ಪಿನ ಮೇಲೆ ಕೆಂಪು ಮಚ್ಚೆ, ಕಾಲ ತುಂಬ ಮುಳ್ಳು. ಸ್ಫೇರಿಡಿಯಂ. ಉಂಡೆ ಕಟ್ಟಿ ಉರುಳಿಸುವ ಸಗಣಿ ಹುಳುಗಳಲ್ಲ ಇವು. ಬಿಸಿ ಆರುವ ಮುನ್ನ ಬಂದು, ಆ ಕೆಸರಿನಲ್ಲೇ ಈಜುವಂತೆ ನುಗ್ಗುತ್ತವೆ. ಇವುಗಳ ಮರಿಗಳು ಅಲ್ಲೇ ನೊಣದ ಹುಳುಗಳನ್ನು ಬೇಟೆಯಾಡುತ್ತವೆ. ಒಂದನ್ನು ಎಲೆಯ ಮೇಲೆ ಹಾಕಿಕೊಂಡು ಭೂತಗನ್ನಡಿ ಹಿಡಿದೆ. ಅದೇ ಬಟ್ಟಲು, ಅದೇ ಮೊಗ್ಗು. ಪಕ್ಕದ ಜಾಡಿಯಲ್ಲಿ ಬೆಳ್ಳಿ ಹೊಟ್ಟೆಯ ಬಂಧು ಸೈಕಲ್ ತುಳಿಯುತ್ತಿತ್ತು.

ಅದನ್ನು ನೀರಿಗೆ ಬಿಟ್ಟು ಮನೆಗೆ ಬಂದು, ಊಟಕ್ಕೆ ಕುಳಿತಾಗ ಅತ್ತೆಗೆ ಎಲ್ಲವನ್ನೂ ವಿವರಿಸಿದೆ: ಅದು ನೀರಿನ ಹುಳು, ಆದರೆ ಅದೇ ಕುಟುಂಬದವರು ಸಗಣಿಯಲ್ಲೂ ಇದ್ದಾರೆ, ಮೀಸೆಯಿಂದ ಗೊತ್ತಾಗುತ್ತದೆ. ಅತ್ತೆ ಸಾರು ಬಡಿಸುತ್ತ ಪೂರ್ತಿ ಕೇಳಿದರು.

"ನಾನು ಮೊದಲೇ ಹೇಳಲಿಲ್ಲವೇನೋ?" ಎಂದರು. "ಕೈ ತೊಳೆದುಕೊಂಡೆಯೋ ಇಲ್ಲವೋ?"